ಕರಡಿಗೆ ರಿಜಿಸ್ಟರ್ ಬರೆಯೋರು ಯಾರು?

ಹೋದ ವರ್ಷ ಹಲಸಿನ ಕಾಲ. ಬೆಳಗ್ಗೆ ಐದು ಗಂಟೆಗೇ ಫೋನ್ ಬಂತು. ತುಮಕೂರು ಜಿಲ್ಲೆ ತೋವಿನಕೆರೆ ಕಡೆಯ ಒಂದು ಹಳ್ಳಿಯ ಅಜ್ಜಿ. "ಡಾಕ್ಟ್ರಪ್ಪಾ, ಹಸ ರಾತ್ರಿಯಿಂದ ಒಂದೇ ಸಮ ಕೂಗ್ತಾ ಐತೆ. ಬೆದೆಗೆ ಬಂದೈತೆ, ಬಿರ್ರನೆ ಬಾ."

ನಾನು ಡಾಕ್ಟರ್ ಅಲ್ಲ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಹಳ್ಳಿ ಮಾತಲ್ಲಿ ಹೇಳುವುದಾದರೆ ಸೂಜಿ ಹಾಕೋನು. ಹದಿನಾಲ್ಕು ವರ್ಷದಿಂದ ಎಲ್ಲರೂ ಡಾಕ್ಟ್ರೇ ಅಂತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಹೋರಿಯ ವೀರ್ಯ ಹೆಪ್ಪುಗಟ್ಟಿಸಿ ಇಡುವ ನೈಟ್ರೋಜನ್ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಹೊರಟೆ. ಇನ್ನೂ ಕತ್ತಲು. ಸಿದ್ದರಬೆಟ್ಟ ಕಾಣುವ ತಿರುವಿನಲ್ಲಿ ಹೆಡ್‌ಲೈಟ್ ಬೆಳಕಿಗೆ ಕಪ್ಪಗೆ ಏನೋ ಅಡ್ಡ ಬಂತು. ಎಮ್ಮೆ ಕರು ಅಂದುಕೊಂಡೆ. ಆಮೇಲೆ ಅದರ ಬೆನ್ನು ಅಲುಗಾಡಿತು. ನೋಡಿದರೆ ಕರಡಿ, ಬೆನ್ನ ಮೇಲೆ ಎರಡು ಮರಿ. ತಾಯಿಯ ಉದ್ದ ಕೂದಲು ಹಿಡಿದುಕೊಂಡು, ಬಸ್ಸಿನ ಟಾಪ್ ಮೇಲೆ ಕೂತ ಹುಡುಗರ ಹಾಗೆ ಕೂತಿದ್ದವು. ತಾಯಿ ನಿಂತು, ಬೆಳ್ಳನೆ ಮೂತಿ ಎತ್ತಿ ನನ್ನ ಕಡೆ ಗಾಳಿ ಮೂಸಿತು. ಬೈಕ್ ನಾನೇ ಆಫ್ ಮಾಡಿದೆನೋ, ಅದೇ ಆಫ್ ಆಯಿತೋ ನೆನಪಿಲ್ಲ. ಅದು ನಿಧಾನಕ್ಕೆ ಹಲಸಿನ ತೋಟಕ್ಕೆ ಇಳಿಯಿತು. ನನ್ನ ಕಾಲು ನಡುಕ ಮಾತ್ರ ಅಜ್ಜಿ ಮನೆ ಮುಟ್ಟುವ ತನಕ ನಿಲ್ಲಲಿಲ್ಲ.

"ಯಾಕಪ್ಪಾ ಇಷ್ಟೊತ್ತು?"

"ಕರಡಿ ಅಡ್ಡ ಬಂತು ಅಜ್ಜಿ. ಮರಿ ಕರಡಿ ಎರಡು ಇದ್ವು."

ಅಜ್ಜಿ ಉಗುಳಿ ಬಂದಳು. ಆಕೆಯ ಮೈದುನನಿಗೆ ಕಡಲೆಕಾಯಿ ಹೊಲದಲ್ಲಿ ಕರಡಿ ಕೆಡವಿ ಎಡಗಣ್ಣು ಹೋಗಿದೆ. ಆ ಮನೆಯಲ್ಲಿ ಕರಡಿ ಅಂದರೆ ಮುದ್ದು ಪ್ರಾಣಿ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಪೇಟೆಯಲ್ಲಿ ಕೂತು ಕರಡಿ ಉಳಿಸಿ ಅನ್ನೋದು ಸುಲಭ.

ಕೆಲಸ ಶುರು ಮಾಡಿದೆ. ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತೆ, ಒಳಗೆ ಮೈನಸ್ 196 ಡಿಗ್ರಿ. ಚಿಮಟದಲ್ಲಿ ಒಂದು ಸ್ಟ್ರಾ, ಅಂದರೆ ಸಣ್ಣ ಪ್ಲಾಸ್ಟಿಕ್ ಕೊಳವೆ, ಎತ್ತಿದೆ. ಅದರಲ್ಲಿ ಇರೋದು ಕಾಲು ಎಂಎಲ್ ವೀರ್ಯ. 37 ಡಿಗ್ರಿ ನೀರಲ್ಲಿ 30 ಸೆಕೆಂಡ್ ಇಟ್ಟು, ಒರೆಸಿ, ಮೊಬೈಲ್ ಟಾರ್ಚ್ ಹಾಕಿ ಸ್ಟ್ರಾ ಮೇಲಿನ ಹೋರಿ ನಂಬರ್ ಓದಿದೆ. ರಿಜಿಸ್ಟರ್ ತೆಗೆದು ಈ ಹಸುವಿನ ಅಪ್ಪನ ನಂಬರ್ ನೋಡಿದೆ. ಬೇರೆ. ಸರಿ, ಹಾಕಬಹುದು.

"ಅದೇನು ಪ್ರತಿ ಸಲ ಬುಕ್ ನೋಡ್ತೀಯಾ?" ಅಜ್ಜಿ ಕೇಳಿದಳು.

ಯಾಕೆ ನೋಡ್ತೀನಿ ಅಂದರೆ, ಐದು ವರ್ಷದ ಹಿಂದೆ ಬೇರೆ ಊರಲ್ಲಿ ಒಂದು ಎಡವಟ್ಟು ಮಾಡಿದ್ದೆ. ಮಳೆಯಲ್ಲಿ ರಿಜಿಸ್ಟರ್ ತೊಯ್ದು ಹಾಳೆಗಳು ಅಂಟಿಕೊಂಡಿದ್ದವು. ಅಂದಾಜಿನ ಮೇಲೆ ಹಾಕಿಬಿಟ್ಟೆ. ಆಮೇಲೆ ಹಳೇ ಚೀಟಿ ಸಿಕ್ಕಾಗ ಗೊತ್ತಾಯಿತು, ಹಾಕಿದ್ದು ಆ ಹಸುವಿನ ಅಪ್ಪನದೇ ಸ್ಟ್ರಾ. ಹುಟ್ಟಿದ ಕರುವಿಗೆ ನಿಲ್ಲೋಕೇ ಶಕ್ತಿ ಇರಲಿಲ್ಲ, ಮೂರನೇ ವಾರ ಹೋಯಿತು. ಒಂದು ಕರುವಿಂದ ಏನೂ ಸಾಬೀತಾಗಲ್ಲ, ಬೇರೆ ಕಾರಣವೂ ಇರಬಹುದು. ಆದರೆ ಆ ಮನೆಯವರ ಮುಂದೆ ಹಾದು ಹೋಗುವಾಗ ನಾನು ಈಗಲೂ ಬೈಕ್ ಸ್ವಲ್ಪ ಜೋರಾಗಿ ಬಿಡ್ತೀನಿ.

ಅಜ್ಜಿಗೆ ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದೆ. ಪ್ರತಿ ಗುಣಕ್ಕೂ ಮೈಯಲ್ಲಿ ಎರಡು ಪ್ರತಿ ಇರುತ್ತೆ, ಅಪ್ಪನದೊಂದು, ಅಮ್ಮನದೊಂದು. ತೋಟದಲ್ಲಿ ಎರಡು ಬೋರ್ ಇದ್ದ ಹಾಗೆ. ಒಂದು ಕೈ ಕೊಟ್ಟರೆ ಇನ್ನೊಂದರಲ್ಲಿ ನೀರು ಬರುತ್ತೆ, ತೋಟ ಒಣಗಲ್ಲ. ರಕ್ತ ಸಂಬಂಧದಲ್ಲೇ ಮರಿ ಹುಟ್ಟಿದರೆ ಎರಡು ಬೋರೂ ಒಂದೇ ಸೆಲೆಗೆ ಕೊರೆದ ಹಾಗೆ. ಬತ್ತಿದರೆ ಎರಡೂ ಒಟ್ಟಿಗೆ ಬತ್ತುತ್ತವೆ.

"ಓ, ಟಗರು ಬದಲಾಯಿಸ್ತೀವಲ್ಲ, ಹಂಗೆ," ಅಂದಳು ಅಜ್ಜಿ. ಅವರ ಮನೆಯಲ್ಲಿ ಕುರಿ ಇದ್ದಾಗ ಎರಡು ಮೂರು ವರ್ಷಕ್ಕೊಮ್ಮೆ ಟಗರು ಕೊಟ್ಟು ಬೇರೆ ಊರಿನ ಟಗರು ತರುತ್ತಿದ್ದರಂತೆ. ನಾನು ಕಾಲು ಗಂಟೆ ಹೇಳಿದ್ದನ್ನು ಒಂದೇ ಮಾತಲ್ಲಿ ಮುಗಿಸಿದಳು. ಆಮೇಲೆ ಸುಮ್ಮನಿರಬೇಕಲ್ಲ, "ಹಂಗಾರೆ ಸೋದರಮಾವನ ಮಗಳನ್ನ ಮದುವೆ ಆಗೋರ ಕತೆ?" ಅಂದಳು. ನನ್ನ ಹೆಂಡತಿ ನನ್ನ ಸೋದರಮಾವನ ಮಗಳೇ. ಟೀ ಕುಡಿದು ಎದ್ದೆ.

ವಾಪಸ್ ಬರುವಾಗ ತಲೆಯಲ್ಲಿ ಹುಳ ಹೊಕ್ಕಿತ್ತು. ಹಸುವಿಗೆ ನಾನಿದ್ದೀನಿ, ಕುರಿಗೆ ಅಜ್ಜಿ ಇದ್ದಳು. ಬೆನ್ನ ಮೇಲಿದ್ದ ಆ ಎರಡು ಮರಿಗಳ ಅಪ್ಪ ಯಾರು? ಅವುಗಳ ತಾಯಿಗೂ ಅದೇ ಅಪ್ಪನಾ? ಬರೆದಿಟ್ಟವರು ಯಾರು?

ಅವತ್ತಿಂದ ರಾತ್ರಿ ಊಟ ಆದ ಮೇಲೆ ಕರಡಿಗಳ ಬಗ್ಗೆ ಓದೋದು ನನ್ನ ಚಟ ಆಗಿದೆ. ಅದರಲ್ಲಿ ಬಿಡದೆ ಕಾಡಿದ್ದು ಪಿರೋಸ್ ಕತೆ. ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಪಿರನೀಸ್ ಅಂತ ಬೆಟ್ಟಸಾಲು. 1990ರ ದಶಕದಲ್ಲಿ ಅಲ್ಲಿ ಕಂದು ಕರಡಿಗಳು ಬೆರಳೆಣಿಕೆಯಷ್ಟು ಉಳಿದಿದ್ದವು. 1996ರಲ್ಲಿ ಸ್ಲೊವೇನಿಯಾದಿಂದ ಎರಡು ಹೆಣ್ಣು, 1997ರಲ್ಲಿ ಒಂದು ಗಂಡು ತಂದು ಬಿಟ್ಟರು. ಆ ಗಂಡೇ ಪಿರೋಸ್. ಒಳ್ಳೇ ದಾಂಡಿಗ. ಬೇರೆ ಗಂಡುಗಳನ್ನು ಹತ್ತಿರ ಸೇರಿಸಲಿಲ್ಲ. ವರ್ಷಗಟ್ಟಲೆ ಹುಟ್ಟಿದ ಬಹುಪಾಲು ಮರಿಗಳಿಗೆ ಅವನೇ ಅಪ್ಪ. ಮಗಳ ಮರಿಗೂ ಅವನೇ ಅಪ್ಪ, ಮೊಮ್ಮಗಳ ಮರಿಗೂ ಅವನೇ. ತಲೆ ಎಣಿಸಿದರೆ ಕರಡಿ ಜಾಸ್ತಿ ಆಗ್ತಾ ಇವೆ. ರಕ್ತ ನೋಡಿದರೆ ಎಲ್ಲಾ ಒಂದೇ ಮನೆಯವು.

ಕೊನೆಗೆ 2016ರಲ್ಲಿ ಗೊಯಾಟ್ ಅನ್ನೋ ಇನ್ನೊಂದು ಗಂಡನ್ನು ಸ್ಲೊವೇನಿಯಾದಿಂದಲೇ ತಂದರು, ಪಿರೋಸ್‌ಗೆ ಎದುರಾಳಿಯಾಗಿ. ಟಗರು ಬದಲಾಯಿಸಿದರು ಅನ್ನಿ. ಆ ಗೊಯಾಟ್ ಬಂದು ಕುರಿ, ಕುದುರೆ ಹಿಡಿಯೋಕೆ ಶುರು ಮಾಡಿತು, ಕುರಿಗಾಹಿಗಳು ತಿರುಗಿಬಿದ್ದರು. ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಇಷ್ಟೆಲ್ಲಾ ಕಂಡುಹಿಡಿದದ್ದು ಹೇಗೆ ಅಂದರೆ ಕೂದಲಿಂದ. ಕರಡಿ ಮೈ ಉಜ್ಜುವ ಮರಕ್ಕೆ ಮುಳ್ಳುತಂತಿ ಸುತ್ತುತ್ತಾರೆ. ತಂತಿಗೆ ಕೂದಲು ಸಿಕ್ಕಿಕೊಳ್ಳುತ್ತೆ, ಬೇರಿನ ಸಮೇತ ಬಂದರೆ ಅದರಲ್ಲಿ ಡಿಎನ್‌ಎ ಇರುತ್ತೆ. ಲದ್ದಿಯಿಂದಲೂ ಆಗುತ್ತೆ. ಕರಡಿಯನ್ನು ಹಿಡಿಯೋದೇ ಬೇಡ. ಅಪ್ಪ ಯಾರು, ಮಗ ಯಾರು, ಎಲ್ಲಾ ಲ್ಯಾಬಲ್ಲಿ ಗೊತ್ತಾಗುತ್ತೆ. ನನ್ನ ತೊಯ್ದ ರಿಜಿಸ್ಟರ್‌ಗಿಂತ ವಾಸಿ.

ಇಟಲಿಯಲ್ಲಿ ಅಪೆನೈನ್ ಬೆಟ್ಟಗಳ ಕರಡಿ ಇನ್ನೂ ವಿಚಿತ್ರ. ಸುಮಾರು 50 ಇವೆ ಅಷ್ಟೇ, ಬೇರೆ ಕಡೆಯ ಕರಡಿಗಳ ಸಂಪರ್ಕ ಬಹಳ ಕಾಲದಿಂದ ಇಲ್ಲ. 2018ರಲ್ಲಿ ಅವುಗಳ ಜೀನೋಮ್, ಅಂದರೆ ಡಿಎನ್‌ಎಯನ್ನು ಪೂರ್ತಿ ಓದಿ ಪ್ರಕಟಿಸಿದರು. ವೈವಿಧ್ಯ ತೀರಾ ಕಡಿಮೆ, ಕೆಟ್ಟ ಗುಣಗಳು ಗಟ್ಟಿಯಾಗಿ ಕೂತಿವೆ. ಆದರೆ ರೋಗ ತಡೆಯುವ ಮತ್ತು ವಾಸನೆ ಹಿಡಿಯುವ ಜೀನ್‌ಗಳಲ್ಲಿ ಮಾತ್ರ ವೈವಿಧ್ಯ ಉಳಿದಿದೆ. ಸ್ವಭಾವವೂ ಸೌಮ್ಯ ಆಗಿರುವ ಸುಳಿವು ಸಿಕ್ಕಿತು. ಅಂದರೆ ಸಣ್ಣ ಗುಂಪು ಅಂದ ತಕ್ಷಣ ಸತ್ತೇ ಹೋಗುತ್ತೆ ಅಂತಲೂ ಇಲ್ಲ. ನಾನು ಎರಡೆರಡು ಸಲ ಓದಿದ್ದು ಇದನ್ನೇ.

ನಮ್ಮದು ಕಂದು ಕರಡಿ ಅಲ್ಲ, ಗೆದ್ದಲು ತಿನ್ನುವ ಕರಿ ಕರಡಿ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಅದಕ್ಕೆ ಇಲ್ಲ, ಆ ಸಂದಿಯಿಂದ ಗೆದ್ದಲನ್ನು ಸೊರಸೊರ ಹೀರುತ್ತೆ. ಇದರ ಬಗ್ಗೆಯೂ ಮಧ್ಯ ಭಾರತದ ಸಾತ್ಪುರ–ಮೈಕಲ ಬೆಟ್ಟಸಾಲಿನಲ್ಲಿ ಡಿಎನ್‌ಎ ಅಧ್ಯಯನ ಆಗಿ 2015ರಲ್ಲಿ ಪ್ರಕಟವಾಗಿದೆ. ಅಲ್ಲಿನ ಕಾಡುಗಳ ನಡುವೆ ಕರಡಿಗಳು ಇನ್ನೂ ಓಡಾಡಿಕೊಂಡಿವೆ, ರಕ್ತ ಬೆರೆಯುತ್ತಿದೆ.

ನಮ್ಮ ಜಿಲ್ಲೆಯಲ್ಲಿ ಅಂಥ ದೊಡ್ಡ ಕಾಡು ಎಲ್ಲಿದೆ? ಇಲ್ಲೊಂದು ಗುಡ್ಡ, ಅಲ್ಲೊಂದು ಗುಡ್ಡ. ದೇವರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿ ಕಡೆಯ ಬಂಡೆಗಳು, ಆಚೆಗೆ 2019ರಲ್ಲಿ ಚಿಂಕಾರ ಅನ್ನೋ ಹುಲ್ಲೆಯ ಅಭಯಾರಣ್ಯ ಆದ ಬುಕ್ಕಾಪಟ್ಟಣ. ನಡುವೆ ಅಡಿಕೆ, ತೆಂಗು, ಕ್ವಾರಿ, ಬೇಲಿ, ಊರು. ಬುಕ್ಕಾಪಟ್ಟಣಕ್ಕೂ ನಮ್ಮ ಕಡೆಗೂ ಮಧ್ಯೆ ರಾಷ್ಟ್ರೀಯ ಹೆದ್ದಾರಿ 48 ಬೇರೆ, ರಾತ್ರಿಯೆಲ್ಲಾ ಲಾರಿ. ಗುಡ್ಡದಲ್ಲಿ ಕರಡಿ ಕೆಲವೇ ಇದ್ದಾಗ, ಮರಿ ಆಗೋ ಮೊದಲೇ ಒಂದು ಗಂಡು ರಸ್ತೆಯಲ್ಲಿ ಸತ್ತರೆ ಅದರ ಹತ್ತಿರ ಮಾತ್ರ ಇದ್ದ ಗುಣ ಅದರ ಜೊತೆಗೇ ಹೋಗುತ್ತೆ.

ಹೊರಗಿಂದ ತಂದು ಬಿಡಬಹುದಲ್ವಾ ಅಂತ ನನ್ನ ಮಗಳು ಕೇಳಿದಳು. ಬನ್ನೇರುಘಟ್ಟದಲ್ಲಿ ಕರಡಿಗಳಿವೆ ಅಂತ ಅವಳಿಗೆ ಗೊತ್ತು. ಅಲ್ಲಿ ಬಹಳಷ್ಟು ಕುಣಿಸುತ್ತಿದ್ದ ಕರಡಿಗಳು. 2009ರಲ್ಲಿ ಕೊನೆಯದನ್ನೂ ಅಲ್ಲಿಗೇ ತಂದರು. ಮೂಗು ಚುಚ್ಚಿಸಿಕೊಂಡು, ಹಲ್ಲು ಕಳೆದುಕೊಂಡು ಬಂದ ಅವು ಕಾಡಲ್ಲಿ ಬದುಕಲ್ಲ.

ತರುವುದು ಬೇಕಾಗಿಯೂ ಇಲ್ಲ ಅನ್ನೋದು ನನ್ನ ಅನಿಸಿಕೆ. ತಲೆಮಾರಿಗೆ ಒಂದೋ ಎರಡೋ ಹೊರಗಿನ ಪ್ರಾಣಿ ಬಂದು ಮರಿ ಮಾಡಿದರೆ ವೈವಿಧ್ಯ ಸುಮಾರಾಗಿ ಉಳಿಯುತ್ತೆ ಅನ್ನೋದು ಈ ವಿಷಯ ಓದಿದವರ ಹಳೇ ಕೈಲೆಕ್ಕ. ವರ್ಷಕ್ಕಲ್ಲ, ತಲೆಮಾರಿಗೆ. ನನ್ನ ಕ್ಯಾನೂ ಬೇಡ, ಸ್ಲೊವೇನಿಯಾದ ಲಾರಿಯೂ ಬೇಡ. ಒಂದು ಪ್ರಾಯದ ಗಂಡು ಒಂದು ರಾತ್ರಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಜೀವಂತ ಮುಟ್ಟಿದರೆ ಸಾಕು. ಎಲ್ಲಿ ದಾಟುತ್ತವೆ ಅಂತ ನೋಡಿಕೊಂಡು ಅಲ್ಲಿ ಒಂದು ಹಳ್ಳ, ಒಂದು ಮೋರಿ ತೆರೆದಿಟ್ಟರೂ ಆಯಿತು. ಅಜ್ಜಿಗೆ ಇದನ್ನು ಹೇಳಿದಾಗ, "ದಾಟ್ಲಿ ಬಿಡು, ನಮ್ಮ ಹೊಲ ಬಿಟ್ಟು ದಾಟ್ಲಿ," ಅಂದಳು.

ಮೂರು ತಿಂಗಳಿಗೆ ಹಸು ಗಬ್ಬ ನಿಂತಿದೆಯಾ ಅಂತ ನೋಡೋಕೆ ಹೋಗಿದ್ದೆ. ನಿಂತಿತ್ತು. ಬರುವಾಗ ಅದೇ ತಿರುವಿನ ಹತ್ತಿರ, ಹೊಸದಾಗಿ ಹಾಕಿದ ಮುಳ್ಳುತಂತಿ ಬೇಲಿಯ ಕೆಳಗಿನ ಎಳೆಯಲ್ಲಿ ಏನೋ ಅಲ್ಲಾಡುತ್ತಿತ್ತು. ಇಳಿದು ನೋಡಿದೆ. ಗೇಣುದ್ದದ ಒರಟು ಕಪ್ಪು ಕೂದಲು, ಏಳೆಂಟು ಎಳೆ. ಎರಡರ ತುದಿಯಲ್ಲಿ ಬಿಳಿ ಚುಕ್ಕೆಯಂಥ ಬೇರು. ಕೆಳಗಿನ ಮಣ್ಣು ನುಣ್ಣಗೆ ಸವೆದಿತ್ತು, ನುಸುಳಿ ನುಸುಳಿ. ಒಳಗೆ ಹೋಗಿದ್ದೋ, ಹೊರಗೆ ಬಂದಿದ್ದೋ ಗೊತ್ತಾಗಲಿಲ್ಲ. ಕೂದಲು ಅಲ್ಲೇ ಬಿಟ್ಟು, ಆ ಕೆಳಗಿನ ತಂತಿಯನ್ನು ಮೇಲೆತ್ತಿ, ಕಿಸೆಯಲ್ಲಿದ್ದ ಖಾಲಿ ಸ್ಟ್ರಾ ಸುತ್ತಿ ಎರಡನೇ ತಂತಿಗೆ ಕಟ್ಟಿಬಂದೆ.