ನನ್ನ ಇಂಗ್ಲಿಷ್ ತಪ್ಪುಗಳೆಲ್ಲ ಕನ್ನಡದಲ್ಲಿ ಸರಿಯಾಗೇ ಇದ್ವು

ಮೊದಲನೇ ಸಲ ಓಇಟಿ, ಅಂದ್ರೆ ನರ್ಸು ಡಾಕ್ಟರ್ ತರದವರಿಗೆ ಅಂತಲೇ ಇರೋ ಇಂಗ್ಲಿಷ್ ಪರೀಕ್ಷೆ, ಬರೆದಾಗ ರೈಟಿಂಗಲ್ಲಿ ನನಗೆ ಬಂದಿದ್ದು 290. ಇಂಗ್ಲೆಂಡಲ್ಲಿ ನರ್ಸ್ ಆಗಿ ರಿಜಿಸ್ಟರ್ ಆಗ್ಬೇಕು ಅಂದ್ರೆ ಅಲ್ಲಿ ನರ್ಸುಗಳನ್ನ ರಿಜಿಸ್ಟರ್ ಮಾಡ್ಕೊಳ್ಳೋ ಸಂಸ್ಥೆ ಎನ್‌ಎಂಸಿಯವರು ಕೇಳೋದು ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 350, ರೈಟಿಂಗಲ್ಲಿ ಮಾತ್ರ 300. ಮೂರೂ ಬಂದಿತ್ತು. ಈ ಪರೀಕ್ಷೆಲಿ ಸ್ಕೋರು ಹತ್ತತ್ತರ ಲೆಕ್ಕದಲ್ಲೇ ಕೊಡೋದು, ಅಂದ್ರೆ ಒಂದೇ ಒಂದು ಮೆಟ್ಟಿಲು ಕಮ್ಮಿ. ಅವತ್ತು ನೈಟ್ ಡ್ಯೂಟಿ, ರಿಸಲ್ಟ್ ನೋಡಿ ಮೊಬೈಲ್ ಡ್ರಾಯರೊಳಗೆ ಇಟ್ಟು ಬೆಳಗಿನ ಜಾವದ ಇಂಜೆಕ್ಷನ್ ಕೊಡೋಕೆ ಹೋದೆ, ಅಳೋಕೂ ಟೈಮಿರ್ಲಿಲ್ಲ. ಕಟ್ಟಿದ ಫೀಸು ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ, ಅದನ್ನ ಊರಲ್ಲಿ ಅಪ್ಪಂಗೆ ಹೇಗೆ ಹೇಳೋದು ಅನ್ನೋದೇ ಬೆಳಗಾಗೋವರೆಗೂ ತಲೆಲಿತ್ತು.

ನಾನು ಹತ್ತನೇ ಕ್ಲಾಸ್‌ವರೆಗೂ ಅರಸೀಕೆರೆ ಕಡೆ ಸರ್ಕಾರಿ ಕನ್ನಡ ಮೀಡಿಯಂ, ಆಮೇಲೆ ಪಿಯುಸಿ ಸೈನ್ಸು, ಬಿಎಸ್ಸಿ ನರ್ಸಿಂಗು, ಈಗ ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಕೆಲಸ. ಡಾಕ್ಟರ್ ಹತ್ರ ಇಂಗ್ಲಿಷಲ್ಲೇ ಮಾತಾಡ್ತೀನಿ, ಡ್ಯೂಟಿ ಬದಲಾಗೋವಾಗ ಮುಂದಿನ ನರ್ಸಿಗೆ ಹ್ಯಾಂಡೋವರ್ ಇಂಗ್ಲಿಷಲ್ಲೇ ಕೊಡ್ತೀನಿ, ಖಾಯಿಲೆ ಹೆಸರು ಔಷಧಿ ಹೆಸರು ಎಲ್ಲ ನಾಲಿಗೆ ಮೇಲಿವೆ. ಹಾಗಾಗಿ ನನ್ನ ಸಮಸ್ಯೆ ವೊಕ್ಯಾಬುಲರಿ ಅಂದ್ಕೊಂಡು ಆರು ತಿಂಗಳು ದೊಡ್ಡ ದೊಡ್ಡ ಪದ ಉರು ಹೊಡೆದೆ. ಸೇರಿದ್ದ ಕೋಚಿಂಗ್ ಸೆಂಟರಲ್ಲೂ ರೆಡಿಮೇಡ್ ಸಾಲುಗಳನ್ನ ಕೊಟ್ಟು ಇದನ್ನ ಹಾಗೇ ಬರೀರಿ ಅಂದ್ರು. ಸಾಲು ಬಾಯಿಪಾಠ ಆಯ್ತು, ಆದ್ರೆ ಆ ಸಾಲು ಮುಗಿದ ಮೇಲೆ ನನ್ನ ಸ್ವಂತ ಸಾಲು ಶುರುವಾಗ್ಬೇಕಲ್ಲ, ಅಲ್ಲೇ ಬೀಳ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಓಇಟಿ ರೈಟಿಂಗ್ ಅಂದ್ರೆ ಪ್ರಬಂಧ ಅಲ್ಲ. ಒಬ್ಬ ಪೇಷಂಟಿನ ಕೇಸ್ ನೋಟ್ಸ್ ಕೊಡ್ತಾರೆ, ತುಂಡು ತುಂಡು ಟಿಪ್ಪಣಿ, ಅದನ್ನ ಓದೋಕೆ 5 ನಿಮಿಷ, ಬರೆಯೋಕೆ 40 ನಿಮಿಷ, ಸುಮಾರು 180ರಿಂದ 200 ಪದದಲ್ಲಿ ಬೇರೆ ನರ್ಸಿಗೋ ಡಾಕ್ಟರಿಗೋ ಒಂದು ಲೆಟರ್ ಬರೀಬೇಕು. ಟಿಪ್ಪಣಿಲಿ ಕ್ರಿಯಾಪದ ಇರಲ್ಲ, ಆರ್ಟಿಕಲ್ ಇರಲ್ಲ, ಟೆನ್ಸ್ ಇರಲ್ಲ. ಎಲ್ಲಾ ನಾವೇ ತುಂಬಬೇಕು. ಅಂದ್ರೆ ವಿಷಯ ಅವ್ರೇ ಕೊಟ್ಟಿರ್ತಾರೆ, ನಮ್ಮಿಂದ ಅವ್ರು ಕೇಳ್ತಿರೋದು ಯಾವುದನ್ನ ಇಟ್ಕೋಬೇಕು ಯಾವುದನ್ನ ಬಿಡಬೇಕು ಅನ್ನೋ ವಿವೇಚನೆ, ಆಮೇಲೆ ವಾಕ್ಯ ಕಟ್ಟೋ ಕೆಲಸ.

ನಮ್ಮ ವಾರ್ಡಲ್ಲಿ ಒಬ್ಬರು ಮಲಯಾಳಿ ಸೀನಿಯರ್ ಇದಾರೆ, ನಾನು ಚೇಚಿ ಅಂತಾನೇ ಕರಿಯೋದು, ಮಲಯಾಳದಲ್ಲಿ ಅಕ್ಕ ಅಂತ. ಅವರಿಗೆ ನನ್ನ ಹಳೇ ಪ್ರಾಕ್ಟೀಸ್ ಲೆಟರ್‌ಗಳನ್ನೆಲ್ಲ ತೋರಿಸ್ದೆ. ಅವರು ಪೆನ್ ತಗೊಂಡು ತಿದ್ದಲಿಲ್ಲ. ಒಂದು ಸಾಲು ತೋರಿಸಿ, "ಇದನ್ನ ನಿಮ್ಮ ಕನ್ನಡದಲ್ಲಿ ಹೇಳಮ್ಮ" ಅಂದ್ರು. ಸಾಲು ಇದು: ಹಿ ಈಸ್ ಟೇಕಿಂಗ್ ಇನ್ಸುಲಿನ್ ಸಿನ್ಸ್ ಟೂ ಇಯರ್ಸ್. ನಾನು ಹೇಳಿದೆ, ಅವರು ಎರಡು ವರ್ಷದಿಂದ ಇನ್ಸುಲಿನ್ ತಗೋತಿದಾರೆ. ಹೇಳ್ತಾ ಇದ್ದ ಹಾಗೇ ಗೊತ್ತಾಯ್ತು, ನಾನು ಬರೆದಿದ್ದು ಇಂಗ್ಲಿಷ್ ಅಲ್ಲವೇ ಅಲ್ಲ, ಇದೇ ಕನ್ನಡ ವಾಕ್ಯಕ್ಕೆ ಇಂಗ್ಲಿಷ್ ಪದ ತೊಡಿಸಿದ್ದು. ತಗೋತಿದಾರೆ ಅನ್ನೋದು ಈಸ್ ಟೇಕಿಂಗ್ ಆಗಿದೆ, ವರ್ಷದಿಂದ ಅನ್ನೋ "ಇಂದ" ಸಿನ್ಸ್ ಆಗಿದೆ. ಕನ್ನಡದಲ್ಲಿ ಒಂದಕ್ಷರ ತಪ್ಪಿಲ್ಲ!

ಅವತ್ತಿಂದ 200 ಪೇಜಿನ ಒಂದು ಲಾಂಗ್ ನೋಟ್‌ಬುಕ್ ಮಾಡ್ದೆ. ಎಡಗಡೆ ಪುಟದಲ್ಲಿ ನನ್ನ ತಪ್ಪು ಇಂಗ್ಲಿಷ್ ಸಾಲು, ಅದರ ಕೆಳಗೆ ಅದು ಹುಟ್ಟಿದ ಕನ್ನಡ ಸಾಲು, ಬಲಗಡೆ ಸರಿಯಾದ ಇಂಗ್ಲಿಷ್. ಒಂದು ತಿಂಗಳಲ್ಲಿ ನನಗೆ ಗೊತ್ತಾಗಿದ್ದು ಏನಂದ್ರೆ ನಾನು ನೂರಾರು ತಪ್ಪು ಮಾಡ್ತಿರಲಿಲ್ಲ, ಏಳೆಂಟೇ ತಪ್ಪನ್ನ ನೂರಾರು ಸಲ ಮಾಡ್ತಿದ್ದೆ.

ಆ "ಇಂದ"ದ ಕಥೆನೇ ಮೊದಲು ಹೇಳ್ತೀನಿ. ನಮಗೆ ಎರಡು ವರ್ಷದಿಂದ, ಸೋಮವಾರದಿಂದ ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಲ್ಲಿ ಎಷ್ಟು ಕಾಲ ಅನ್ನೋದಾದ್ರೆ ಫಾರ್, ಯಾವಾಗ ಶುರುವಾಯ್ತು ಅನ್ನೋದಾದ್ರೆ ಸಿನ್ಸ್. ಫಾರ್ ಟೂ ಇಯರ್ಸ್, ಸಿನ್ಸ್ ಮಂಡೇ. ಇದು ಎಲ್ಲ ಗ್ರಾಮರ್ ಪುಸ್ತಕದಲ್ಲೂ ಇರುತ್ತೆ, ನಾನೂ ಓದಿದ್ದೆ, ಆದ್ರೆ ಓದಿದ್ದು ಕೈಗೆ ಬರಲಿಲ್ಲ ಯಾಕಂದ್ರೆ ನನ್ನ ತಲೆಲಿ ಅದು ಒಂದೇ ಪದ. ಅದಕ್ಕಿಂತ ಮುಖ್ಯ ಕ್ರಿಯಾಪದ. ಶುರುವಾಗಿ ಇನ್ನೂ ನಡೀತಿದ್ರೆ ಹ್ಯಾಸ್ ಬೀನ್ ಟೇಕಿಂಗ್, ನಿಂತು ಹೋಗಿದ್ರೆ ವಾಸ್ ಟೇಕಿಂಗ್ ಅಥವಾ ಟುಕ್. ಇದು ಕಷ್ಟ ಅನ್ನಿಸ್ತಿತ್ತು, ಆಮೇಲೆ ನೋಡಿದ್ರೆ ಈ ವ್ಯತ್ಯಾಸ ಕನ್ನಡದಲ್ಲೂ ಇದೆ, ತಗೋತಿದಾರೆ ಮತ್ತೆ ತಗೋತಿದ್ರು, ಅಷ್ಟೇ. ನನ್ನ ಅಮ್ಮ ಸ್ಕೂಲ್ ಓದಿದ್ದು ನಾಲ್ಕನೇ ಕ್ಲಾಸು, ಅವರೂ ಈ ಎರಡನ್ನ ಯಾವತ್ತೂ ಅದಲು ಬದಲು ಮಾಡಲ್ಲ. ಹಾಗಿರುವಾಗ ನನಗೆ ಯಾಕೆ ಬರಬಾರದು? ಇದು ಬರೀ ಮಾರ್ಕಿನ ವಿಷಯಾನೂ ಅಲ್ಲ. ಆ ಲೆಟರ್ ಓದೋ ನರ್ಸ್ ಪೇಷಂಟನ್ನ ನೋಡೇ ಇರಲ್ಲ, ರಕ್ತ ತೆಳು ಮಾಡೋ ಮಾತ್ರೆ ಇನ್ನೂ ನಡೀತಿದೆಯೋ ನಿಲ್ಸಿದಾರೋ ಅಂತ ಅವರಿಗೆ ಗೊತ್ತಾಗೋದು ನಮ್ಮ ಆ ಒಂದು ಹ್ಯಾಸ್ ಬೀನ್‌ನಿಂದ, ಒಂದು ವಾಸ್‌ನಿಂದ.

ಎರಡನೇದು ಹ್ಯಾಡ್. ನಮ್ಮ ಕಡೆಯವರೆಲ್ಲ ಐ ಹ್ಯಾಡ್ ಗಾನ್ ಟು ಮೈಸೂರ್ ಲಾಸ್ಟ್ ವೀಕ್ ಅಂತೀವಿ. ಹೋಗಿದ್ದೆ ಅನ್ನೋದ್ರ ನೆರಳು ಅದು. ಕನ್ನಡದಲ್ಲಿ ಡಾಕ್ಟರ್ ಬಂದ್ರು ಅಂದ್ರೆ ಬಂದಿದಾರೆ, ಇಲ್ಲೇ ಇರಬಹುದು. ಡಾಕ್ಟರ್ ಬಂದಿದ್ರು ಅಂದ್ರೆ ಬಂದು ಹೋಗಿದಾರೆ. ಎಷ್ಟು ಚೆನ್ನಾಗಿದೆ ನೋಡಿ ಈ ಸೂಕ್ಷ್ಮ. ಇಂಗ್ಲಿಷಲ್ಲಿ ಇದಕ್ಕೆ ಹ್ಯಾಡ್ ಹಾಕೋ ಹಾಗಿಲ್ಲ, ತಾರೀಖು ಇದ್ರೆ ಸುಮ್ಮನೆ ಕೇಮ್, ವೆಂಟ್, ವಿಸಿಟೆಡ್. ಹಿಂದೆ ನಡೆದ ಒಂದು ಘಟನೆಗಿಂತಲೂ ಹಿಂದಿನದನ್ನ ಹೇಳೋವಾಗ ಮಾತ್ರ ಹ್ಯಾಡ್. ನನ್ನ ಹಳೇ ಲೆಟರುಗಳಲ್ಲಿ ಹ್ಯಾಡ್ ಎಣಿಸಿದೆ, ಒಂದರಲ್ಲಿ ಹನ್ನೊಂದು ಇತ್ತು, ಬೇಕಾಗಿದ್ದಿದ್ದು ಒಂದು.

ಆಮೇಲೆ ವಾಕ್ಯದ ಉದ್ದ. ನಾವು ಮಾತಾಡೋದೇ ಹಾಗಲ್ವಾ, ಬೆಳಗ್ಗೆ ಎದ್ದು ಮುಖ ತೊಳ್ದು ಕಾಫಿ ಕುಡ್ದು ಬಸ್ ಹಿಡ್ದು ಡ್ಯೂಟಿಗೆ ಬಂದೆ. ಐದು ಕೆಲಸ, ಪೂರ್ತಿ ಕ್ರಿಯಾಪದ ಒಂದೇ, ಕೊನೆಗೆ. ಎದ್ದು, ತೊಳ್ದು ಅನ್ನೋವೆಲ್ಲ ಒಂದಕ್ಕೊಂದು ಕೈ ಹಿಡ್ಕೊಂಡು ಬಂದು ಆ ಕೊನೆಯ "ಬಂದೆ"ಗೆ ಸೇರ್ಕೊಳ್ತವೆ, ಎಷ್ಟು ಉದ್ದ ಆದ್ರೂ ಕೇಳೋರಿಗೆ ಸುಸ್ತಾಗಲ್ಲ. ಇದೇ ಅಭ್ಯಾಸ ಲೆಟರಲ್ಲಿ ಬಂದ್ರೆ ಕಾಮಾ ಮೇಲೆ ಕಾಮಾ ಹಾಕ್ಕೊಂಡು ನಾಲ್ಕು ವಾಕ್ಯ ಒಂದಾಗಿ ಹರಿದು ಹೋಗುತ್ತೆ, ಅಲ್ಲಿ ಅದು ದೊಡ್ಡ ತಪ್ಪು. ಚೇಚಿ ಹೇಳ್ಕೊಟ್ಟ ಉಪಾಯ, ಬರೆದ ಮೇಲೆ ಪ್ರತಿ ಪೂರ್ತಿ ಕ್ರಿಯಾಪದದ ಕೆಳಗೆ ಗೆರೆ ಎಳಿ, ಅದರ ಕರ್ತೃ ಯಾರು ಅಂತ ಬೆರಳಿಟ್ಟು ತೋರಿಸು. ಎರಡು ಜೋಡಿ ಸಿಕ್ಕಿ ಮಧ್ಯ ಬರೀ ಕಾಮಾ ಇದ್ರೆ ಫುಲ್‌ಸ್ಟಾಪ್ ಇಡು, ಇಲ್ಲ ಆಂಡ್, ಬಿಕಾಸ್, ವಿಚ್ ಏನಾದ್ರೂ ಸೇರಿಸು. ಬೆರಳಿಟ್ಟು ಹುಡುಕೋಕೆ ಶುರು ಮಾಡಿದ ಮೇಲೆ ಇನ್ನೊಂದು ಗೊತ್ತಾಯ್ತು, ನನ್ನ ಎಷ್ಟೋ ಸಾಲಲ್ಲಿ ಕರ್ತೃನೇ ಇಲ್ಲ. ಕನ್ನಡದಲ್ಲಿ ಬಂದಿದಾಳೆ ಅಂದ್ರೆ ಸಾಕು, ಅವಳು ಅನ್ನೋದು ಕ್ರಿಯಾಪದದೊಳಗೇ ಕೂತಿರುತ್ತೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಶಕ್ತಿ ಇಲ್ಲ, ಶಿ ಅಂತ ಹೊರಗಿಂದ ತಂದು ಕೂರಿಸಲೇಬೇಕು.

ಕರ್ಮಣಿ ಪ್ರಯೋಗ ನೆನಪಿದೆಯಾ ಹೈಸ್ಕೂಲಿನ ವ್ಯಾಕರಣದ್ದು? ಪಾಠವು ಓದಲ್ಪಟ್ಟಿತು ಅಂತ. ಯಾರು ಹಾಗೆ ಮಾತಾಡ್ತಾರೆ ಅಂತ ಅವಾಗ ಅನ್ಕೋತಿದ್ವಿ, ನಿಜವಾಗ್ಲೂ ಯಾರೂ ಮಾತಾಡಲ್ಲ. ನಾವು ಅಡ್ಮಿಟ್ ಮಾಡಿದ್ರು, ಸ್ಕ್ಯಾನ್ ಮಾಡಿದ್ರು, ಮನೆಗೆ ಕಳ್ಸಿದ್ರು ಅಂತೀವಿ, ಮಾಡಿದ್ದು ಯಾರು ಅಂತ ಹೇಳದೇನೇ. ನಾನು ಅದನ್ನ ದೇ ಅಡ್ಮಿಟೆಡ್ ಹಿಮ್ ಅಂತ ಬರೀತಿದ್ದೆ, ಓದೋರಿಗೆ ಈ ದೇ ಯಾರು ಅಂತ ಪ್ರಶ್ನೆ. ಹಿ ವಾಸ್ ಅಡ್ಮಿಟೆಡ್, ಎ ಸ್ಕ್ಯಾನ್ ವಾಸ್ ಡನ್. ಯಾರು ಮಾಡಿದ್ರು ಅನ್ನೋದು ಮುಖ್ಯ ಇಲ್ಲದ ಕಡೆ "ಮಾಡಿದ್ರು" ಅಂತ ತಲೆಲಿ ಬಂದ ಕೂಡ್ಲೇ ವಾಸ್ ಹಾಕು ಅಂತ ಅಭ್ಯಾಸ ಮಾಡ್ಕೊಂಡೆ, ಇದೊಂದರಿಂದಾನೇ ನನ್ನ ಲೆಟರ್ ಆಸ್ಪತ್ರೆ ಲೆಟರ್ ತರ ಕಾಣೋಕೆ ಶುರುವಾಯ್ತು.

"ಅಂತ" ಇನ್ನೊಂದು. ನನಗೆ ಎದೆ ನೋಯ್ತಿದೆ ಅಂತ ಹೇಳಿದ್ರು, ಇದನ್ನ ನಾನು ಶಿ ಟೋಲ್ಡ್ ದಟ್ ಐ ಆಮ್ ಹ್ಯಾವಿಂಗ್ ಚೆಸ್ಟ್ ಪೇಯ್ನ್ ಅಂತ ಬರೆದಿದ್ದೆ. ಎದೆ ನೋವು ಯಾರಿಗೆ, ಪೇಷಂಟಿಗಾ ಲೆಟರ್ ಬರೆದ ನರ್ಸಿಗಾ? ಕನ್ನಡದ "ಅಂತ" ಪೇಷಂಟಿನ ಬಾಯಿಮಾತನ್ನ ಹಾಗೇ ಎತ್ತಿ ತರುತ್ತೆ, ಇಂಗ್ಲಿಷಿನ ದಟ್ ಹಾಗೆ ತರಲ್ಲ. ಶಿ ರಿಪೋರ್ಟೆಡ್ ಚೆಸ್ಟ್ ಪೇಯ್ನ್, ನಾಲ್ಕೇ ಪದ.

ಪ್ರೆಪೊಸಿಷನ್ ಬಗ್ಗೆ ಜಾಸ್ತಿ ಹೇಳಲ್ಲ, ಅದು ಒಂದೊಂದಾಗಿ ಕಲೀಬೇಕು ಅಷ್ಟೇ. ನಮ್ಮ ಗೆ, ಕ್ಕೆ, ಬಗ್ಗೆ ಇವು ಕರೀದೇನೇ ಬರ್ತವೆ. ಅವರಿಗೆ ಅಡ್ವೈಸ್ ಮಾಡ್ದೆ ಅನ್ನೋದು ಅಡ್ವೈಸ್ಡ್ ಟು ಹಿಮ್ ಆಗುತ್ತೆ, ಡಯಟ್ ಬಗ್ಗೆ ಡಿಸ್ಕಸ್ ಮಾಡ್ದೆ ಅನ್ನೋದು ಡಿಸ್ಕಸ್ಡ್ ಅಬೌಟ್ ಆಗುತ್ತೆ, ಎರಡರಲ್ಲೂ ಆ ಮಧ್ಯದ ಪದ ಬೇಡ.

ನನ್ನನ್ನ ತುಂಬಾ ಕಾಡಿದ್ದು ಎ ಮತ್ತು ದಿ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಮಲಯಾಳದಲ್ಲೂ ಇಲ್ಲ, ಹಾಗಾಗಿ ಚೇಚಿಗೂ ಇದು ಕಷ್ಟ ಆಗಿತ್ತಂತೆ. ಒಂದಿನ ವಾರ್ಡಲ್ಲಿ ಒಬ್ಬ ಅಜ್ಜಿ ಹತ್ರ ಮಾತ್ರೆ ತಗೊಂಡ್ರಾ ಅಂತ ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಆ ಮಾತ್ರೆ ಇನ್ನೂ ಟೇಬಲ್ ಮೇಲೇ ಇರೋದು ನೋಡಿ, ಅಜ್ಜಿ ಮಾತ್ರೆನ ಯಾಕೆ ತಗೊಂಡಿಲ್ಲ ಅಂದೆ. ಬಾಯಿಂದ ಬಂದ ಮೇಲೆ ಹೊಳೀತು. ಮೊದಲು ಮಾತ್ರೆ, ಆಮೇಲೆ ಮಾತ್ರೆ"ನ". ಮೊದಲನೇದು ಯಾವುದೋ ಮಾತ್ರೆ, ಎರಡನೇದು ನಮ್ಮಿಬ್ಬರಿಗೂ ಗೊತ್ತಿರೋ, ಕಣ್ಣೆದುರಿಗಿರೋ ಆ ಮಾತ್ರೆ. ಸ್ಕೂಲಲ್ಲಿ ಅನ್ನು ಅಂತ ಉರು ಹೊಡೆದ ದ್ವಿತೀಯಾ ವಿಭಕ್ತಿ ಇಲ್ಲಿ ಸುಮಾರಾಗಿ ದಿ ಮಾಡೋ ಕೆಲಸಾನೇ ಮಾಡ್ತಿದೆ! ಒಬ್ಬ ಪೇಷಂಟ್ ಬಂದಿದಾರೆ ಅಂದಾಗಿನ ಒಬ್ಬ, ಎ. ಎಲ್ಲಾ ಕಡೆ ಈ ಲೆಕ್ಕ ಹೊಂದಲ್ಲ, ಆದ್ರೆ ದಿ ಅನ್ನೋದು ಏನನ್ನ ಹೇಳೋಕೆ ಇದೆ ಅನ್ನೋದು ನನಗೆ ಅವತ್ತು ಅರ್ಥ ಆಯ್ತು, ಹತ್ತು ವರ್ಷದ ಇಂಗ್ಲಿಷ್ ಕ್ಲಾಸಲ್ಲಿ ಆಗದೇ ಇದ್ದಿದ್ದು. ಮಿಕ್ಕಿದ್ದು ಉರು ಹೊಡೆಯೋದೇ. ಡಯಾಬಿಟಿಸ್, ನ್ಯುಮೋನಿಯಾ ಇವಕ್ಕೆ ಆರ್ಟಿಕಲ್ ಬೇಡ, ಹೆಡೇಕ್, ಕಾಫ್, ಫ್ರ್ಯಾಕ್ಚರ್ ಇವಕ್ಕೆ ಎ ಬೇಕು, ಹಿಸ್ಟರಿ ಆಫ್ ಹಿಂದೆ ಎ ಬೇಕು, ಕಾಲು ಕೈ ಹೊಟ್ಟೆಗೆ ಹಿಸ್ ಅಥವಾ ಹರ್ ಸೇರಿಸ್ಬೇಕು. ಅಡ್ವೈಸ್, ಇನ್ಫರ್ಮೇಷನ್, ಇಕ್ವಿಪ್‌ಮೆಂಟ್ ಇವಕ್ಕೆ ಕೊನೇಲಿ ಎಸ್ ಸೇರಿಸೋ ಹಾಗೇ ಇಲ್ಲ.

ಪ್ರಾಕ್ಟೀಸ್ ಹೇಗೆ ಅಂತ ಕೇಳಿದ್ರೆ, ದಿನಾ ಪೂರ್ತಿ ಲೆಟರ್ ಬರೀಲಿಲ್ಲ. ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆ ಕೇಸ್ ನೋಟ್ಸಿನ ಹತ್ತೇ ತುಂಡು ತಗೊಂಡು ಹತ್ತು ಪೂರ್ತಿ ವಾಕ್ಯ. ಟೈಮ್ ಇಟ್ಕೊಂಡು ಪೂರ್ತಿ ಲೆಟರ್ ಭಾನುವಾರ ಮಾತ್ರ. ಬರೆದಿದ್ದನ್ನ ಮಾರನೇ ದಿನ ಗಟ್ಟಿಯಾಗಿ ಓದೋದು, ಓದ್ತಾ ಒಂದು ಸಲಕ್ಕೆ ಒಂದೇ ತಪ್ಪು ಹುಡುಕೋದು, ಮೊದಲ ಸುತ್ತಲ್ಲಿ ಬರೀ ಟೆನ್ಸು, ಎರಡನೇ ಸುತ್ತಲ್ಲಿ ಬರೀ ಆರ್ಟಿಕಲ್. ಎಲ್ಲಾ ಒಟ್ಟಿಗೆ ಹುಡುಕೋಕೆ ಹೋದ್ರೆ ಏನೂ ಕಾಣಲ್ಲ. ಪರೀಕ್ಷೆ ದಿನ 33ನೇ ನಿಮಿಷಕ್ಕೆ ಬರೆದು ಮುಗಿಸಿ, ಮಿಕ್ಕ 7 ನಿಮಿಷ ಬೆರಳಿಟ್ಟೇ ಓದಿದೆ.

ಎರಡನೇ ಸಲ ರೈಟಿಂಗಲ್ಲಿ 340 ಬಂತು. ಅಪ್ಪಂಗೆ ಫೋನ್ ಮಾಡಿ ಹೇಳ್ದಾಗ "ನೂರಕ್ಕೆ ಎಷ್ಟು ಮಗಾ ಅದು" ಅಂದ್ರು, ನೂರಕ್ಕಲ್ಲ ಅಪ್ಪ ಐನೂರಕ್ಕೆ, ಆದ್ರೆ ಸಾಕು ಅಂದೆ, ಇಬ್ರೂ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

ಈಗ ಆ ನೋಟ್‌ಬುಕ್ ನಮ್ಮ ವಾರ್ಡಿನ ಜೂನಿಯರ್ ಹುಡುಗಿ ಹತ್ರ ಇದೆ, ಅವಳು ಯಾದಗಿರಿ ಕಡೆಯವಳು, ಅವಳ ಕನ್ನಡ ನನ್ನದಕ್ಕಿಂತ ಬೇರೆ, ಹಾಗಾಗಿ ಎಡಗಡೆ ಪುಟದಲ್ಲಿ ನನ್ನ ಕನ್ನಡ ಸಾಲಿನ ಕೆಳಗೆ ಅವಳದ್ದೊಂದು ಸಾಲು ಸೇರಿಸ್ತಿದಾಳೆ. ನಿನ್ನೆ ಊಟದ ಟೈಮಲ್ಲಿ ಬಂದು, "ಅಕ್ಕಾ, ಎರಡು ದಿನದಿಂದ ಜ್ವರ ಅದ ಅಂತ ಹೆಂಗ ಬರೀಬೇಕ್ರಿ" ಅಂದ್ಲು. ಜ್ವರ ಇನ್ನೂ ಇದೆಯೋ ಬಿಟ್ಟಿದೆಯೋ ಅಂತ ನಾನು ಕೇಳಿದೆ. ಅವಳು ಕೇಸ್ ನೋಟ್ಸ್ ನೋಡೋಕೆ ವಾಪಸ್ ಓಡಿದ್ಲು.