ಕಂಪೈಲರ್ ಕಣ್ಣಿಗೇ ಬೀಳದ ಸಾಲುಗಳು

ಸಿ ಭಾಷೆಯ ಹಳೇ ಕೋಡ್ ಓದುತ್ತಾ ಕೂತಿದ್ದೇನೆ. ಪರದೆ ತುಂಬಾ ಹ್ಯಾಶ್ ಇಫ್, ಹ್ಯಾಶ್ ಎಲ್ಸ್, ಹ್ಯಾಶ್ ಎಂಡಿಫ್. ಮಾಮೂಲಿ ಇಫ್ ಪ್ರೋಗ್ರಾಂ ಓಡುವಾಗ ತೀರ್ಮಾನ ಮಾಡುತ್ತದೆ. ಹ್ಯಾಶ್ ಇಫ್ ಹಾಗಲ್ಲ, ಷರತ್ತು ಸುಳ್ಳಾದರೆ ಪ್ರಿಪ್ರೊಸೆಸರ್, ಅಂದರೆ ಕಂಪೈಲರ್ ಕೋಡನ್ನು ಯಂತ್ರಭಾಷೆಗೆ ಬದಲಿಸುವ ಮೊದಲು ಅದನ್ನು ಸಜ್ಜು ಮಾಡುವ ಹಂತ, ಆ ಸಾಲುಗಳನ್ನೇ ಎತ್ತಿ ಬಿಸಾಕುತ್ತದೆ, ಅಲ್ಲಿ ಸೆಮಿಕೋಲನ್ ಬಿಟ್ಟುಹೋಗಿದ್ದರೂ, ಇಲ್ಲದ ಫಂಕ್ಷನ್ ಕರೆದಿದ್ದರೂ ಕೇಳುವವರಿಲ್ಲ. ಈ ಫೈಲಿನಲ್ಲಿ ವಿಂಡೋಸ್ 95ಕ್ಕೆ ಅಂತ ಬರೆದ ತುಂಡೊಂದು ಹಾಗೇ ಉಳಿದಿದೆ. ಬರೆದವರು ಈಗ ಎಲ್ಲಿದ್ದಾರೋ, ಅಳಿಸೋಕೆ ಮಾತ್ರ ಯಾರಿಗೂ ಧೈರ್ಯ ಇಲ್ಲ, ನನಗೂ!

ಜಾಸ್ತಿ ಕಿರಿಕಿರಿ ಬೇರೆಯದು. ಹ್ಯಾಶ್ ಇಫ್ ಮುಂದೆ ಯಾರೂ ಡಿಫೈನ್ ಮಾಡದ ಹೆಸರು ಬಂದರೆ ಸಿ ಅದನ್ನು ಸುಮ್ನೆ 0 ಅಂದುಕೊಳ್ಳುತ್ತದೆ. ಹೆಸರಲ್ಲಿ ಒಂದಕ್ಷರ ತಪ್ಪಿದರೆ ಎರರ್ ಇಲ್ಲ, ಇಡೀ ಫೀಚರ್ ಮಾಯ. ಹ್ಯಾಶ್ ಇಫ್‌ಡೆಫ್‌ದು ಉಲ್ಟಾ ಕಥೆ, ಡೀಬಗ್ ಅನ್ನೋ ಹೆಸರನ್ನು 0 ಅಂತ ಡಿಫೈನ್ ಮಾಡಿದ್ದರೂ ಒಳಗೆ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಹೆಸರೊಂದಿದ್ದರೆ ಸಾಕು. ಇದು ಸರೀನಾ ಅಂದ್ರೆ, ನನಗಂತೂ ಅಲ್ಲ. ಜಿಸಿಸಿ ಕಂಪೈಲರ್‌ನಲ್ಲಿ ಡಬ್ಲ್ಯೂ-ಅಂಡೆಫ್ ಅನ್ನೋ ಆಯ್ಕೆ ಹಾಕಿದರೆ ಡಿಫೈನ್ ಆಗದ ಹೆಸರಿಗೆ ಎಚ್ಚರಿಕೆ ಕೊಡುತ್ತದೆ, ಆದರೆ ಸಾಮಾನ್ಯ ಎಚ್ಚರಿಕೆಗಳನ್ನು ಒಟ್ಟಿಗೆ ಆನ್ ಮಾಡುವ ಡಬ್ಲ್ಯೂ-ಆಲ್ ಜೊತೆ ಅದು ತಾನಾಗಿ ಬರುವುದಿಲ್ಲ. ನಾಳೆ ಬಿಲ್ಡ್‌ಗೆ ಸೇರಿಸಿ ನೋಡಬೇಕು, ಎಷ್ಟು ಸುರಿಯುತ್ತವೋ.