ತಲಕಾಡಿನ ಮರಳಲ್ಲಿ ಒಂದು ಸಂಜೆ

ತಲಕಾಡಿನ ಮರಳಲ್ಲಿ ಹೆಜ್ಜೆ ಸದ್ದು ಕೇಳುವುದಿಲ್ಲ. ನಮ್ಮದೂ ಇಲ್ಲ, ಹಿಂದೆ ಬರುವವರದೂ ಇಲ್ಲ. ಹಗಲು ಹೊತ್ತು ಜನ ಇರುವಾಗ ಇದು ಗೊತ್ತೇ ಆಗದು. ಅವತ್ತು ಪಾತಾಳೇಶ್ವರನ ಗುಡಿಯಿಂದ ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು, ನಾನು ಮತ್ತು ನರಸೀಪುರದ ದೊಡ್ಡವ್ವ ಇಬ್ಬರೇ ಉಳಿದಿದ್ದೆವು. ಗಾಳಿ ಇರಲಿಲ್ಲ. ಆದರೂ ಮೆಟ್ಟಿಲ ಅಂಚಿನಿಂದ ಮರಳು ಸಣ್ಣಗೆ, ಎಡೆಬಿಡದೆ ಸೋರುತ್ತಿತ್ತು. ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದೆ. ನೀಲಗಿರಿ ಮರಗಳು, ನಮ್ಮದೇ ಹೆಜ್ಜೆಗುಳಿಗಳು, ಅಷ್ಟೇ.

ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಅಲಮೇಲಮ್ಮನ ಕಥೆ ಬೇರೆ ಹೇಳಬೇಕಿಲ್ಲ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ದೊರೆ ರಾಜ ಒಡೆಯರ ಕೈಗೆ ಬಂತು. ಅಲ್ಲಿನ ಗುಡಿಯ ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸುತ್ತಿದ್ದ ಒಡವೆಗಳು, ಅಲ್ಲಿಯವರೆಗೆ ಪಟ್ಟಣ ಆಳುತ್ತಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಹತ್ತಿರವಿದ್ದವು. ಅವನ್ನು ತರಲು ಆಳುಗಳು ಬೆನ್ನಟ್ಟಿದರು. ಆಕೆ ಒಡವೆ ಕಟ್ಟಿಕೊಂಡು, ತಲಕಾಡಿನ ಹತ್ತಿರ ಕಾವೇರಿಯ ಮಾಲಂಗಿ ಮಡುವಿಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಶಪಿಸಿ ಹಾರಿದಳೆಂದು ಕಥೆ.

ವಿಜಯನಗರದ ಕಾಲದ ಮಾಧವಮಂತ್ರಿ ಅಣೆಕಟ್ಟು ಕಟ್ಟಿದ ಮೇಲೆ ಹೊಳೆಯ ಪಾತ್ರ ಬಯಲಾಗಿ, ಅಲ್ಲಿನ ಮರಳನ್ನು ಗಾಳಿ ಊರೊಳಕ್ಕೆ ತಂದು ಸುರಿಯಿತು ಎನ್ನುವ ವಿವರಣೆಯೂ ಇದೆ. ನನಗೆ ಅದು ಒಪ್ಪಿಗೆ. ಆದರೆ ಅವತ್ತು ನನ್ನ ಕೈಕಾಲು ತಣ್ಣಗಾದದ್ದು ಮರಳಿಗಲ್ಲ, ಒಡೆಯರ ಮನೆತನ ಮುಂದೆ ಮಾಡಿದ ಕೆಲಸ ನೆನೆದು. ರಾಜ ಒಡೆಯರು ಅಲಮೇಲಮ್ಮನ ವಿಗ್ರಹ ಮಾಡಿಸಿ ಅರಮನೆಯಲ್ಲೇ ಪೂಜೆಗೆ ಇಟ್ಟರಂತೆ. ಆ ಪೂಜೆ ಇಂದಿಗೂ ನಿಂತಿಲ್ಲ. ಗೆದ್ದವನು ತಾನು ಅಟ್ಟಿಸಿಕೊಂಡು ಹೋದ ಹೆಂಗಸನ್ನು ಮನೆದೇವರ ಸಾಲಿನಲ್ಲಿ ಕೂರಿಸಿ, ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಕೈಮುಗಿಸುವುದೆಂದರೆ ಎಂಥ ಪಾಪಪ್ರಜ್ಞೆ ಇರಬೇಕು! ದೆವ್ವವನ್ನಾದರೆ ಓಡಿಸಬಹುದು. ಇವರು ತಾವೇ ಕರೆದು ಇಟ್ಟುಕೊಂಡರು.

ಹೊಳೆ ದಂಡೆಗೆ ಬಂದೆವು. ನೀರು ಮೇಲೆ ಸುಮ್ಮನಿತ್ತು, ಒಳಗೆ ಸುಳಿ. ಈ ಹೊಳೆ ಈಜು ಬಂದವರನ್ನೂ ಬಿಟ್ಟಿಲ್ಲ. ದೊಡ್ಡವ್ವ ಸೆರಗು ತಲೆ ಮೇಲೆ ಹೊದ್ದು, ಬಗ್ಗಿ ನೀರು ಮುಟ್ಟಿದಳು.

“ತಾಯಿ, ನಾವು ಒಡವೆ ಕೇಳೋಕೆ ಬಂದೋರಲ್ಲ ಕಣವ್ವ. ಕಾಲು ತೊಳ್ಕೊಂಡು ಹೋಯ್ತೀವಿ.”

ನನ್ನ ಮೈ ಜುಮ್ಮೆಂದಿತು. ಆಕೆಯ ದನಿಯಲ್ಲಿ ಹೆದರಿಕೆ ಇರಲಿಲ್ಲ, ಬಾಕಿ ಇಟ್ಟುಕೊಂಡವರ ಸಂಕೋಚವಿತ್ತು.

ಬಸ್ಸಿಗೆ ಕಾಯುವಾಗ ಕೇಳಿದೆ, “2017ರಲ್ಲಿ ಅರಮನೆಯವರಿಗೆ ಗಂಡುಮಗು ಹುಟ್ತಲ್ಲ ದೊಡ್ಡವ್ವ, ಶಾಪ ಮುಗೀತಲ್ವಾ?”

“ಮಗು ಚೆನ್ನಾಗಿರ್ಲಿ. ಅದೇನು ಮಾಡ್ತು ಪಾಪ,” ಅಂದಳು. “ಆದ್ರೆ ಆಯಮ್ಮ ನೀರಿಂದ ಎದ್ದು ಬಂದ್ಲಾ?”

ನರಸೀಪುರದ ಬಸ್ಸು ಬಂತು. ಮುಂದಿನ ಶುಕ್ರವಾರ ಶ್ರೀರಂಗಪಟ್ಟಣಕ್ಕೆ ಹೋಗಿ ರಂಗನಾಯಕಿ ಅಮ್ಮನವರನ್ನು ನೋಡಿಕೊಂಡು ಬರೋಣವೆಂದೆ. ದೊಡ್ಡವ್ವ ಹೂಂ ಅಂದಳು.